ನಲವತ್ತಮೂರನೇ ಇಸವಿಯ ಹರಕೆ

"ನನ್ನ ನಿಯಮ ಅಳ್ಸದ್ದ್ ಯಾರ್?"

ಸ್ವರ್ಣಲತಾ ಬಾಗಿಲಲ್ಲೇ ನಿಂತು ಕೇಳಿದಳು. ಕುಂದಾಪುರದ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಯಾರೂ ತಲೆ ಎತ್ತಲಿಲ್ಲ.

"ನಾನು," ಎಂದ ಕಿಟಕಿ ಪಕ್ಕದ ಹೊಸಬ.

ಜಿತೇಂದ್ರ. ಹುಟ್ಟಿ ಬೆಳೆದದ್ದು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ, ಮೂಲ ಬೈಂದೂರು. ಆಫೀಸಿನ ಹಿರಿಯ ಇಂಜಿನಿಯರ್ ಆಗಿ ಬಂದು ಆಗ ಎರಡೇ ಗಂಟೆಯಾಗಿತ್ತು.

"ನಲವತ್ತೊಂದು ನಿಯಮ ಮೇಡಂ! ಅದೂ ಕುಂದಾಪ್ರ ಕನ್ನಡದಲ್ಲಿ! ಅಷ್ಟು ಉದ್ದ ಬರೆದ್ರೆ ಎಐಗೆ ಗೊಂದಲ ಆಗುತ್ತೆ. ನಾನು ಇಂಗ್ಲಿಷಲ್ಲಿ ಹತ್ತು ಬರೆದಿದ್ದೀನಿ. ಸಾಕು."

"ಅದ್ಕೆ ಅರ್ಥ ಆತಿತ್ತ್. ಅರ್ಥ ಆಗದ್ದ್ ನಿಮ್ಗೆ!"

ಆಫೀಸಿನಲ್ಲಿ ಕೋಡ್ ಬರೆಯಲು ಒಂದು ಎಐ ಸಹಾಯಕ ಇತ್ತು. ಕೆಲಸ ಶುರು ಮಾಡುವ ಮೊದಲು ಅದು ಪ್ರತಿ ಸಲ ಓದುವ ಕಡತವೊಂದಿತ್ತು. ಒಂದು ವರ್ಷ ಅದರ ಒಂದೊಂದು ತಪ್ಪಿಗೆ ಒಂದೊಂದು ಸಾಲು ಸೇರಿಸುತ್ತ ಆ ಕಡತವನ್ನು ಕಟ್ಟಿದವಳು ಸ್ವರ್ಣಲತಾ. ಅದರಲ್ಲಿದ್ದದ್ದು ಇಂಥ ಸಾಲುಗಳು: 'ಗೊತ್ತಿಲ್ದಿರೆ ಕೇಣ್. ಹಳೇ ಸಾಲ್ ಚಂದ ಇಲ್ಲ ಅಂದೇಳಿ ತೆಗೀಬೇಡ. ಇಸವಿ ಎಷ್ಟ್ ದೂರ ಕಂಡ್ರೂ ಮುಟ್ಬೇಡ.'

ಮೂವತ್ತನಾಲ್ಕು ವರ್ಷದ ಹೆಣ್ಣು. 'ನಿನ್ ಕಂಡೀಷನ್ ಕೇಂಡೇ ಬಂದ ಗಂಡೆಲ್ಲ ಓಡಿ ಹೋಪ್ದ್' ಎಂದು ಮನೆಯಲ್ಲಿ ಚಿಕ್ಕಮ್ಮ ದಿನಾ ಹಂಗಿಸುತ್ತಿದ್ದಳು. ಓಡುವವರು ಓಡಲಿ ಎಂದು ಇವಳು ಕೆಲಸಕ್ಕೆ ಬರುತ್ತಿದ್ದಳು.

ಮಾಲೀಕ ರಾಘವೇಂದ್ರ ಹೊಸಬನ ಪರ ನಿಂತ. ಹತ್ತು ನಿಯಮವೇ ಉಳಿಯಿತು. ಅದರಲ್ಲೊಂದು, 'ಕಣ್ಣಿಗೆ ಕಾಣುವ ತಪ್ಪನ್ನು ಕೇಳದೆಯೇ ಸರಿಪಡಿಸು.'

ಅಂದಿನಿಂದ ದಿನಾ ಜಗಳ!

ವಿಚಿತ್ರವೆಂದರೆ, ಜಗಳವಾದ ಮೇಲೆ ಆತ ಬುತ್ತಿ ಹಿಡಿದು ಅವಳ ಎದುರೇ ಬಂದು ಕೂರುತ್ತಿದ್ದ.

"ನಿಮಗೆ ಬೇರೆ ಜಾಗ ಇಲ್ಯಾ?"

"ಇದೆ. ಆದ್ರೆ ನೀವು ಬೈಯುವಾಗ ನಮ್ಮಮ್ಮ ಬೈದ ಹಾಗೇ ಕೇಳುತ್ತೆ. ಅವರು ಹೋಗಿ ಎರಡು ವರ್ಷ ಆಯ್ತು. ಡೊಂಬಿವಲೀಲಿ ಈ ಭಾಷೆಯಲ್ಲಿ ಬೈಯೋರು ಯಾರಿದ್ದಾರೆ?"

ಅವಳು ತನ್ನ ಡಬ್ಬಿಯ ಮಾವಿನಮಿಡಿ ಉಪ್ಪಿನಕಾಯಿಯನ್ನು ಅವನ ಕಡೆ ಸರಿಸಿದಳು. ಅಷ್ಟೆ. ಆದರೆ ಮರುದಿನ ಎರಡು ಮಿಡಿ ಹೆಚ್ಚು ಹಾಕಿಕೊಂಡು ಬಂದದ್ದು ಯಾಕೆಂದು ತನ್ನನ್ನು ತಾನೇ ಕೇಳಿಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ...

ಮೂರು ವಾರ ಹೀಗೇ ಕಳೆಯಿತು. ನಾಲ್ಕನೇ ಸೋಮವಾರ ಒಂದು ದೇವಸ್ಥಾನದಿಂದ ಫೋನ್ ಬಂತು.

ಬ್ರಹ್ಮಾವರದ ಕಡೆಯ ಆ ಅಮ್ಮನವರ ದೇವಸ್ಥಾನದ ಯಕ್ಷಗಾನ ಮೇಳಕ್ಕೆ, ಭಕ್ತರು ಹರಕೆಯಾಗಿ ಆಡಿಸುವ ಆಟಗಳ ಬುಕಿಂಗ್ ಪ್ರೋಗ್ರಾಂ ಮಾಡಿಕೊಟ್ಟದ್ದು ಇವರ ಆಫೀಸೇ. ಆ ಮೇಳಕ್ಕೆ ಹರಕೆ ಹೊತ್ತು ಇವತ್ತು ಹೆಸರು ಬರೆಸಿದರೆ ಪಾಳಿ ಬರುವುದು ಹದಿನೆಂಟು ವರ್ಷದ ಮೇಲೆ. ತೊಟ್ಟಿಲ ಮಗುವಿಗೆಂದು ಬರೆಸಿದ ಆಟಕ್ಕೆ ಆ ಮಗು ಮೀಸೆ ತಿರುವುತ್ತ ಬಂದು ಕೂರುವುದು ಅಲ್ಲಿ ಯಾರಿಗೂ ಆಶ್ಚರ್ಯವಲ್ಲ.

ಎಐಗೆ ಆಶ್ಚರ್ಯವಾಗಿತ್ತು! ೨೦೪೩ ಎಂಬ ಇಸವಿ ಬೆರಳು ಜಾರಿ ಬಿದ್ದದ್ದೇ ಇರಬೇಕೆಂದು ಅಂಥ ಮುನ್ನೂರು ಹೆಸರುಗಳನ್ನು ಪಟ್ಟಿಯಿಂದ ತೆಗೆದು, ತಪ್ಪು ಸರಿಪಡಿಸಿದೆ ಎಂದು ವರದಿಯನ್ನೂ ಕೊಟ್ಟಿತ್ತು.

ಜಿತೇಂದ್ರ ಬ್ಯಾಕಪ್‌ನಿಂದ ಹತ್ತು ನಿಮಿಷದಲ್ಲಿ ಎಲ್ಲ ಹೆಸರು ಮರಳಿ ತಂದ. ಆದರೆ ಅದಕ್ಕೂ ಮುಂಚೆ, ಶನಿವಾರವೇ ಹಂಗಾರಕಟ್ಟೆಯ ಪ್ರಭಾವತಿ ಎಂಬಾಕೆ ದೇವಸ್ಥಾನದ ಕಚೇರಿಗೆ ಬಂದು, 'ನಿಮ್ಮ ಹೆಸರೇ ಇಲ್ಲ' ಎಂಬ ಮಾತು ಕೇಳಿ ಹೋಗಿಯಾಗಿತ್ತು. ಮಗಳು ಹೆರಿಗೆಯಲ್ಲಿ ಸತ್ತು ಬದುಕಿದಾಗ ಹೊತ್ತ ಹರಕೆ. ಅಮ್ಮನವರೇ ತನ್ನ ಹರಕೆ ಒಪ್ಪಲಿಲ್ಲವೆಂದು ಆಕೆ ಅಳುತ್ತ ಮೆಟ್ಟಿಲಿಳಿದು ಹೋದಳಂತೆ.

ಸಂಜೆ ರಾಘವೇಂದ್ರ ಒಂದು ಕಾಗದ ಸ್ವರ್ಣಲತಾಳ ಮುಂದಿಟ್ಟ. ಇಸವಿಗಳನ್ನು ತುಂಬುವಾಗ ತನ್ನಿಂದ ತಪ್ಪಾಯಿತು ಎಂದು ಅವಳ ಹೆಸರಿನಲ್ಲಿತ್ತು.

"ಒಂದ್ ಸೈನ್ ಹಾಕ್. ದೇವಸ್ಥಾನದವ್ರ್ ಸಮಾಧಾನ ಆತ್ರ್. ಜಿತೇಂದ್ರನೇ ಬರ್ದ್ ಕೊಟ್ಟದ್ದ್."

ಜಿತೇಂದ್ರನೇ!

ಅವಳು ಅವನ ಕುರ್ಚಿಯತ್ತ ನೋಡಿದಳು. ಖಾಲಿ.

'ಇದಕ್ಕಾಗಿಯೇ ಎದುರು ಬಂದು ಕೂರುತ್ತಿದ್ದನೇ...?'

ಕಣ್ಣು ತುಂಬಿತು. ಆದರೂ ಕಾಗದವನ್ನು ನಾಲ್ಕಾಗಿ ಹರಿದು ಮೇಜಿನ ಮೇಲಿಟ್ಟಳು.

"ಬೇಡ ಅಂದೇಳಿ ಬರ್ದಿಟ್ಟದ್ದ್ ನಾನ್. ಅದನ್ನ ತೆಗ್ದದ್ದ್ ನೀವ್. ಈಗ ಸುಳ್ಳ್ ನನ್ನ ಹೆಸ್ರಗಾ? ನಾಳೆ ನಾನೇ ಹೋಯಿ ಇದ್ದದ್ದ್ ಇದ್ದಾಂಗೆ ಹೇಳಿ ಬತ್ತೆ."

"ಹೇಳ್ದ್ರೆ ಕೆಲ್ಸ ಇಲ್ಲ, ಕಾಣ್!"

"ಇಲ್ದಿರೆ ಇಲ್ಲ!"

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಳು. ದೇವಸ್ಥಾನದ ಕಚೇರಿಯ ಬಾಗಿಲಲ್ಲಿ ಕಾಲು ತಾನಾಗಿ ನಿಂತಿತು.

ಒಳಗೆ ನೆಲದ ಮೇಲೆ, ಹಳೆಯ ದಪ್ಪ ಪುಸ್ತಕಗಳ ನಡುವೆ ಜಿತೇಂದ್ರ ಕೂತಿದ್ದ. ಮೇಳದ ಮ್ಯಾನೇಜರ್ ಚಂದಯ್ಯ ಹೆಸರು ಓದುತ್ತಿದ್ದರು, ಇವನು ಲ್ಯಾಪ್‌ಟಾಪಿನಲ್ಲಿ ಒಂದೊಂದನ್ನೂ ತಾಳೆ ನೋಡುತ್ತಿದ್ದ.

"ಹ್ವಾಯ್, ಬನ್ನಿ ಬನ್ನಿ!" ಎಂದರು ಚಂದಯ್ಯ. "ನಿಮ್ಮ ಈ ಬೊಂಬಾಯಿ ಸಾಹೇಬ್ರ್ ಬಾಗ್ಲ್ ತೆಗೂಕೂ ಮುಂಚೆ ಬಂದ್ ಕೂಕಂಡಿರ್. ನಿಯಮ ತೆಗ್ದದ್ದ್ ನಾನೇ, ಆ ಮೇಡಂದ್ ಎಂತ ತಪ್ಪಿಲ್ಲ ಅಂಬ್ರ್. ಎಷ್ಟ್ ಬೈದ್ರೂ ಎದ್ದ್ ಹೋಯ್ಲಿಲ್ಲ ಮಾರ್ರೆ!"

ಸ್ವರ್ಣಲತಾ ಅವನನ್ನೇ ನೋಡಿದಳು.

"ಮತ್ತೆ ಆ ಕಾಗದ?"

"ನನ್ನ ತಪ್ಪು ಅಂತ ನಾನು ಬರೆದು ಕೊಟ್ಟಿದ್ದೆ. ಅದನ್ನ ತಿದ್ದಿ ನಿಮ್ಮ ಹೆಸರಿಗೆ ಮಾಡಿದ್ದು ರಾಘವೇಂದ್ರ ಸರ್. ರಾತ್ರಿ ಗೊತ್ತಾಯ್ತು."

"ನಂಗೊಂದ್ ಮಾತ್ ಹೇಳೂಕ್ ಆಯ್ಲಿಲ್ಯಾ?"

"ಹದಿನಾರು ಸಲ ಫೋನ್ ಮಾಡಿದ್ದೆ. ನೀವು ಹದಿನಾರು ಸಲ ಕಟ್ ಮಾಡಿದ್ರಿ."

ಚಂದಯ್ಯ ಕೆಮ್ಮಿದರು, ಅಥವಾ ನಕ್ಕರು.

"ನಿಮ್ ಧಣಿಗೆ ಹೇಳಿ. ಆ ಮಿಷಿನಿಗೆ ಬುದ್ಧಿ ಹೇಳೂದ್ ಈ ಹೆಣ್ಣೇ ಆಯ್ಕ್. ಇಲ್ದಿರೆ ನಮ್ಗೆ ನಮ್ಮ ಪುಸ್ತಕವೇ ಸಾಕ್."

"ನಿಮ್ಮ ನಲವತ್ತೊಂದೂ ವಾಪಸ್ ಹಾಕಿದ್ದೀನಿ," ಎಂದ ಜಿತೇಂದ್ರ ಮೆಲ್ಲನೆ. "ಒಂದಕ್ಷರ ಮುಟ್ಟಿಲ್ಲ."

ಅವಳಿಗೆ ಅಳು ಬಂತು. ಅಳಲಿಲ್ಲ.

"ಏಳಿ. ಹಂಗಾರಕಟ್ಟೆಗೆ ಹೋಪ. ಆ ಅಮ್ಮನಿಗೆ ಇನ್ನೂ ಯಾರೂ ಹೇಳ್ಲಿಲ್ಲ."

ಪ್ರಭಾವತಿ ಅಂಗಳದಲ್ಲಿ ಒಣಮೀನು ಹರವುತ್ತಿದ್ದಳು. ಜಿತೇಂದ್ರ ಕೈಮುಗಿದು, ತಡವರಿಸುತ್ತ ಎಲ್ಲ ಹೇಳಿದ. ಅವನ ಬಾಯಲ್ಲಿ ಮೊದಲ ಬಾರಿಗೆ ಅವನ ತಾಯಿಯ ಮಾತು ಬಂತು.

"ಅಮ್ಮನವ್ರ್ ಬೇಡ ಅನ್ಲಿಲ್ಲ ಅಮ್ಮ. ಬೇಡ ಅಂದದ್ದ್ ಮಿಷಿನ್. ಅದ್ಕೆ ಹಾಂಗ್ ಹೇಳಿ ಕೊಟ್ಟದ್ದ್ ನಾನ್. ನಲವತ್ತಮೂರ್ರಗೆ ನಿಮ್ಮ ಆಟ ಇತ್ತ್."

"ಮಿಷಿನಾ?" ಮುದುಕಿ ಸೊಂಟಕ್ಕೆ ಕೈಯಿಟ್ಟಳು. "ಮೂರ್ ದಿನ ನಾನ್ ಸಮಾ ಉಣ್ಲಿಲ್ಲ ಮಾರಾಯಾ! ಆ ಮಿಷಿನ್ ತಂದಿದ್ರ್ಯಾ? ತನ್ನಿ, ನಾಲ್ಕ್ ಬಿಡ್ತೆ!"

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ ಚಾ ತಂದಳು.

"ತಪ್ಪ್ ನಂದೇ ಅಂದೇಳಿ ಮನಿ ಬಾಗ್ಲಿಗೆ ಬಂದ ಗಂಡ್ಸನ್ನ ಕಂಡದ್ದ್ ಇದೇ ಸುರು. ಯಾರ್ ಹೆಣ್ಣೆ ಇವ್ರ್ ನಿಂಗೆ?"

ಸ್ವರ್ಣಲತಾ ಲೋಟ ಕೆಳಗಿಟ್ಟಳು. ಆಫೀಸಿನವರು ಎಂದರೆ ಸಾಕಿತ್ತು. ಚಿಕ್ಕಮ್ಮನ ಮುಖ, ಊರಿನ ಬಾಯಿ, ಎಲ್ಲ ಒಮ್ಮೆ ಕಣ್ಣೆದುರು ಬಂತು. ಬರಲಿ!

"ನಾನ್ ಮದ್ವಿ ಆಪು ಗಂಡ್."

ಜಿತೇಂದ್ರನಿಗೆ ಚಾ ನೆತ್ತಿಗೇರಿತು. ಪ್ರಭಾವತಿ ಅವನ ತಲೆಗೆರಡು ತಟ್ಟಿ, ಬೆಲ್ಲ ತರುತ್ತೇನೆಂದು ನಗುತ್ತ ಒಳಗೆ ಹೋದಳು.

"ಲತಾ... ಅವ್ರ ಹತ್ರ ಎಂತ ಹೇಳ್ದ್ರಿ ನೀವ್?"

"ಕೇಣ್ಲಿಲ್ಯಾ?"

"ತಮಾಷಿಗಾ?"

"ಸುಳ್ಳ್ ಹೇಳೂದಾದ್ರೆ ನಿನ್ನೆ ಆ ಕಾಗದಕ್ಕೇ ಸೈನ್ ಹಾಕ್ತಿದ್ದೆ."

ಅವನ ಕಣ್ಣು ಕೆಂಪಾಗಿತ್ತು. ಚಾ ನೆತ್ತಿಗೇರಿದ್ದಕ್ಕೆ ಮಾತ್ರ ಅಲ್ಲ.

"ಇನ್ನೊಂದ್ ಸಲ ಹೇಳಿ."

"ಹೇಳೂದಿಲ್ಲ," ಎಂದಳು ಸ್ವರ್ಣಲತಾ, ಅವನ ಬೆನ್ನು ಮೆಲ್ಲನೆ ಸವರುತ್ತ. "ಚಾ ಕುಡೀರಿ. ತಣೀತ್."