ಗೋಡೆ ನೋಡು ಅಂದಿದ್ದೆ

"ಇದು ಬೇಡ. ಮುಖ ಇನ್ನೂ ಉದ್ದ ಕಾಣುತ್ತೆ," ಎಂದು ಅವಳು ಇನ್ನೊಂದು ಫ್ರೇಮನ್ನೂ ಅವನ ಮೂಗಿನಿಂದ ತೆಗೆದಳು.

ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ಅದು ಅವಳ ಮೊದಲ ದಿನ. ಮಾವ ಹೊರಗೆ ಹೋಗಿದ್ದರು. ಗಾಜಿನ ಬಾಗಿಲು ತಳ್ಳಿಕೊಂಡು ಬಂದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಪಟ್ಟು ಹಿಡಿದು, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಸ್ವಲ್ಪ ನಗಿ ಎಂದು ಅವನನ್ನು ಕುಣಿಸುತ್ತಿದ್ದಳು. ಅವನೂ ಹೇಳಿದ ಹಾಗೆಲ್ಲ ಕುಣಿದ. ಕೊನೆಗೊಂದು ಕಂದು ಫ್ರೇಮು ಅವಳ ಮನಸ್ಸಿಗೆ ಬಂತು.

"ಇದೇ ಇರ್ಲಿ. ನಿಮ್ಮ ಪವರ್ ಎಷ್ಟು?"

"ಕನ್ನಡಕ ಬೇಕು ಅಂತ ಬಂದೋನಲ್ಲ ನಾನು. ಇಲ್ಲೇ ಕೆಲಸ. ಒಳಗಡೆ ಲೆನ್ಸ್ ಉಜ್ಜೋದು."

ಅವಳ ಮುಖ ಕೆಂಪಾಯಿತು. "ಮೊದಲೇ ಬಾಯಿ ಬಿಡೋಕೇನಾಗಿತ್ತು?"

"ಎಲ್ಲಿ ಬಿಟ್ರಿ ನೀವು? ನಗಿ ಅಂದ್ರಿ, ನಕ್ಕೆ," ಎಂದು ಅವನು ಒಳಗೆ ಹೋದ. ಹೋಗುವಾಗ ಕನ್ನಡಿಯಲ್ಲಿ ಇನ್ನೊಮ್ಮೆ ಮುಖ ನೋಡಿಕೊಂಡಿದ್ದು ಅವಳಿಗೆ ಕಂಡಿತು.

ಆ ವರ್ಷವನ್ನು ನೆನೆದಾಗೆಲ್ಲ ಅವಳಿಗೆ ಮೊದಲು ಕಾಣುವುದು ಆ ಕನ್ನಡಿ, ಅದರೊಳಗಿನ ಆ ಕಳ್ಳನೋಟ.

ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆದರೆ ಓದಿ ಓದಿ ಅವಳಿಗೆ ಪುಸ್ತಕದ ವಾಸನೆಯೇ ಆಗದಂತಾಗಿತ್ತು. ಒಂದು ವರ್ಷ ಬಿಟ್ಟು ಸೇರುತ್ತೇನೆ ಎಂದಾಗ ಅಪ್ಪ ಕೆಂಡಾಮಂಡಲವಾದರು. "ಒಂದು ವರ್ಷ ಮನೇಲಿ ಕೂತು ನೊಣ ಹೊಡೀತೀಯಾ?" ಕಾಲೇಜಿನವರೇ ಸೀಟು ಕಾದಿಡುತ್ತೇವೆಂದ ಮೇಲೆ ಅಪ್ಪನ ಸ್ವರ ಇಳಿಯಿತು. "ನಮ್ಮಣ್ಣನ ಅಂಗಡೀಲಿ ಇರ್ಲಿ ಬಿಡಿ, ನಾಲ್ಕು ಜನರ ಜೊತೆ ಮಾತಾಡೋದಾದ್ರೂ ಕಲೀತಾಳೆ," ಎಂದು ಅಮ್ಮ ಮಧ್ಯೆ ಬಂದಳು. ಹಾಗೆ ಅವಳು ಬೇರೆ ಊರಿನ ಮಾವನ ಮನೆಗೆ, ಅದರ ಕೆಳಗಿನ ಅಂಗಡಿಗೆ ಬಂದದ್ದು.

ಅವನನ್ನು ಮಾವ ಕರೆಯುತ್ತಿದ್ದುದು ನಿಧಾನಪ್ಪ ಎಂದು. ಒಂದು ಲೆನ್ಸಿನ ಅಂಚನ್ನು ಉಜ್ಜಲು ಅವನು ತೆಗೆದುಕೊಳ್ಳುವ ಹೊತ್ತಿಗೆ ಗಿರಾಕಿಗೆ ಪವರ್ರೇ ಬದಲಾಗಿರುತ್ತದೆ ಎಂದು ಮಾವ ರೇಗಿಸುತ್ತಿದ್ದರು. ಅವಳಿಗಿಂತ ಮೂರು ನಾಲ್ಕು ವರ್ಷ ದೊಡ್ಡವನು. ಒಳಕೋಣೆಯಲ್ಲಿ ಲೆನ್ಸ್ ಉಜ್ಜುವ ಚಕ್ರದ ಸದ್ದು ನಿಂತಿತೆಂದರೆ ಅವಳಿಗೆ ಗೊತ್ತಾಗುತ್ತಿತ್ತು, ಈಗ ಅವನು ಲೆನ್ಸನ್ನು ಒರೆಸಿ ಬೆಳಕಿಗೆ ಹಿಡಿದು ನೋಡುತ್ತಾನೆ. ಆ ಲೆನ್ಸು ತಿರುಗುತ್ತಿದ್ದುದು ಮಾತ್ರ ಸದಾ ಅವಳ ಕಡೆಗೇ.

"ಕಿಟಕಿ ಆ ಕಡೆ ಇರೋದು," ಎಂದು ಅವಳು ಒಂದು ದಿನ ಹೇಳಿಯೇಬಿಟ್ಟಳು.

"ಗೊತ್ತು. ಬೆಳಕು ಈ ಕಡೆ ಚೆನ್ನಾಗಿದೆ."

ಅವತ್ತಿಡೀ ಅವಳು ಯಾರಿಗೆ ಯಾರ ಕನ್ನಡಕದ ಡಬ್ಬಿ ಕೊಟ್ಟಳೋ ದೇವರಿಗೇ ಗೊತ್ತು. ಅವಳು ಅವನನ್ನು ಪ್ರೀತಿಸತೊಡಗಿದ್ದಳು. ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಅವಳಿಗಿರಲಿಲ್ಲ, ಅವನಂತೂ ಬರೀ ಕಣ್ಣಿನಲ್ಲೇ ಕಾಲ ಹಾಕುವವನು.

ವರ್ಷ ಕರಗಿತು. ಕಾಲೇಜು ಶುರುವಾಗಲು ಇನ್ನೇನು ವಾರ ಎನ್ನುವಾಗ, ಎದುರಿನ ಅಂಗಡಿಯ ಬೋರ್ಡೂ ಓದಲಾಗದೆ ಅವನು ಕಣ್ಣು ಕಿರಿದು ಮಾಡುವುದನ್ನು ಮಾವ ಹಿಡಿದರು. ತಾವೇ ಕಣ್ಣು ಪರೀಕ್ಷೆ ಮಾಡಿ ಪವರ್ ಬರೆದರು. ಎರಡು ಕಣ್ಣುಪಾಪೆಗಳ ನಡುವಿನ ಅಳತೆ ತೆಗೆಯುವ ಕೆಲಸ ಅವಳದು. ಅವನ ಮೂಗಿನ ಮೇಲೆ ಪುಟ್ಟ ಸ್ಕೇಲು ಇಟ್ಟು, ಉಸಿರು ಬಿಗಿ ಹಿಡಿದು, "ನನ್ನ ಹಿಂದಿನ ಗೋಡೆ ನೋಡು," ಎಂದಳು.

"ನೋಡ್ತಿದೀನಿ."

ಸ್ಕೇಲಿನ ಗೆರೆಗಳು ಅವಳ ಕಣ್ಣಿಗೆ ಮಂಜಾದವು. ಎರಡೆರಡು ಸಲ ಅಳೆದಳು. ಎರಡು ಸಲವೂ ಒಂದೇ ಅಳತೆ ಬಂತು. ಲೆನ್ಸನ್ನು ಅವನೇ ಉಜ್ಜಿದ, ಅವಳೇ ಮೊದಲ ದಿನದ ಆ ಕಂದು ಫ್ರೇಮಿಗೆ ಕೂರಿಸಿದಳು.

ಮರುದಿನದಿಂದ ಅವನಿಗೆ ತಲೆನೋವು. ಮಾವ ಕನ್ನಡಕ ತೆಗೆಸಿ, ಲೆನ್ಸ್ ಅಳೆಯುವ ಮೀಟರಿನಲ್ಲಿಟ್ಟು ನೋಡಿ, ಅವನ ಕಣ್ಣನ್ನು ಮತ್ತೆ ಅಳೆದು, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು.

"ಇದೇನ್ರೋ ಇದು? ದೂರ ನೋಡೋ ಕನ್ನಡಕಕ್ಕೆ ಹತ್ತಿರದ ಅಳತೆ ಹಾಕಿದೀರಲ್ಲ!"

"ನಾನು ಸರಿಯಾಗೇ ಅಳೆದೆ ಮಾವ. ಎರಡು ಸಲ."

"ನೀನು ಸರಿಯಾಗೇ ಅಳೆದಿದೀಯ ಮರಿ. ಹತ್ತಿರದ್ದನ್ನ ನೋಡಿದ್ರೆ ಪಾಪೆ ಎರಡೂ ಮೂಗಿನ ಕಡೆ ಸರಿಯುತ್ತೆ. ಅಳತೆ ಕಮ್ಮಿ ಬರುತ್ತೆ." ಮಾವ ಅವನತ್ತ ತಿರುಗಿದರು. "ಬಂದೋರಿಗೆಲ್ಲ ಗೋಡೆ ನೋಡಿ, ಗೋಡೆ ನೋಡಿ ಅಂತ ಬಾಯಿ ಬಡ್ಕೊಳ್ಳೋನು ನೀನು. ನೀನೇನು ನೋಡ್ತಿದ್ದೆಯಪ್ಪಾ?"

ಅವನ ಕಿವಿಗಳು ಕೆಂಪಾದವು. ಮಾವ ಅವನನ್ನು ನೋಡಿದರು, ಸೊಸೆಯನ್ನು ನೋಡಿದರು, ಕೆಮ್ಮಿದರು. "ಮೇಲೆ ಹೋಗಿ ಒಂಚೂರು ಕಾಫಿ ಕುಡಿದು ಬರ್ತೀನಿ," ಎಂದು ಮೆಟ್ಟಿಲು ಹತ್ತಿದರು. ಅವರು ಆಗಷ್ಟೇ ಕುಡಿದು ಬಂದಿದ್ದರು.

"ಗೋಡೆ ನೋಡು ಅಂದಿದ್ದೆ," ಎಂದಳು ಅವಳು.

"ನೀನು ಅಷ್ಟು ಹತ್ತಿರ ನಿಂತಿರುವಾಗ ಗೋಡೆ ಯಾರು ನೋಡ್ತಾರೆ?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಒಂದು ವರ್ಷದಿಂದ ಕಾದಿದ್ದ ಮಾತು! ಕಣ್ಣೊರೆಸಿಕೊಂಡು, "ಹಾಗಾದ್ರೆ ನಾನು ಹೋಗಲ್ಲ," ಎಂದಳು. "ಸೀಟು ಬಿಟ್ಟುಬಿಡ್ತೀನಿ. ಇಲ್ಲೇ ಇರ್ತೀನಿ, ನಿನ್ನ ಜೊತೆ."

ಅವನ ಮುಖದ ನಗು ಆರಿತು. "ಇದಕ್ಕೇ ನಾನು ಇಷ್ಟು ದಿನ ಬಾಯಿ ಬಿಡಲಿಲ್ಲ."

"ಯಾಕೆ? ನಾನು ಬೇಡವಾ?"

"ಬೇಕು. ತುಂಬಾ ಬೇಕು." ಅವನು ಕೈಯಲ್ಲಿದ್ದ ಲೆನ್ಸ್ ಒರೆಸುವ ಬಟ್ಟೆಯನ್ನು ಮಡಿಸಿದ, ಬಿಡಿಸಿದ. "ಆದ್ರೆ ನಿನಗೆ ಇದು ಗ್ಯಾಪ್ ಇಯರ್ರು, ಒಂದು ವರ್ಷದ ಬಿಡುವು. ನನಗೆ ಇದೇ ಬದುಕು, ನಾಳೇನೂ ಇದೇ. ನಿನಗೆ ಇಷ್ಟವಾಗಿದ್ದು ಈ ಬಿಡುವಾ, ನಾನಾ ಅಂತ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ನನ್ನ ಸಲುವಾಗಿ ಓದು ಬಿಟ್ಟೆ ಅಂತ ಮುಂದೊಂದು ದಿನ ನಿನಗೆ ಅನ್ನಿಸಿದ್ರೆ, ನಾನು ಸಹಿಸಲ್ಲ. ಹೋಗಿ ನೋಡು."

ಅವಳಿಗೆ ಸಿಟ್ಟು ನೆತ್ತಿಗೇರಿತು. ಅವನ ಮಾತು ಸರಿಯೆಂದು ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

"ಹೋಗಿ ನೋಡಿದ ಮೇಲೂ ನೀನೇ ಬೇಕು ಅನ್ನಿಸಿದ್ರೆ?"

"ಅಂಗಡಿ ದಿನಾ ಹತ್ತಕ್ಕೆ ತೆಗೀತೀವಿ."

ಅವಳು ಹೋದಳು. ಕಾಲೇಜು ಅವಳು ಹೆದರಿದ್ದಷ್ಟು ಕೆಟ್ಟದಾಗಿರಲಿಲ್ಲ. ಓದು ಮತ್ತೆ ರುಚಿಸಿತು. ಗೆಳತಿಯರು ಸಿಕ್ಕರು, ಮಾತಿನ ಮಲ್ಲರಾದ ಹುಡುಗರೂ ಸಿಕ್ಕರು. ಕ್ಲಾಸಿನ ಮಧ್ಯೆ ಎಲ್ಲಿಂದಲೋ ಒಂದು ಚಕ್ರದ ಸದ್ದು ನಿಂತಂತಾಗಿ ಅವಳು ತಲೆ ಎತ್ತುತ್ತಿದ್ದಳು. ಎದುರಿಗೆ ಕಪ್ಪು ಹಲಗೆ ಇರುತ್ತಿತ್ತು.

ಮೊದಲ ರಜೆ ಸಿಕ್ಕ ರಾತ್ರಿಯೇ ಬಸ್ಸು ಹತ್ತಿದಳು. ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮಾವನ ಮನೆಯವರನ್ನು ಎಬ್ಬಿಸುವುದು ಬೇಡ, ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರಾಯಿತು ಎಂದುಕೊಂಡು ಬೀದಿಯ ತಿರುವು ದಾಟಿದಳು.

ಶಟರ್ ಎತ್ತಿತ್ತು. ಅವನು ಕೌಂಟರಿನ ಹಿಂದೆ ಕೂತು ತೂಕಡಿಸುತ್ತಿದ್ದ.

ಬಾಗಿಲ ಸದ್ದಿಗೆ ಅವನು ಬೆಚ್ಚಿ ಎದ್ದ. ಅವಳು ಬ್ಯಾಗು ಕೆಳಗಿಟ್ಟಳು. "ಹತ್ತಕ್ಕೆ ತೆಗೀತೀವಿ ಅಂದಿದ್ದೆ?"

"ನಿನಗೆ ರಜೆ ಯಾವತ್ತು ಅಂತ ನಿನ್ನ ಮಾವ ಬಾಯಿ ಬಿಡಲಿಲ್ಲ," ಎಂದ ನಿಧಾನಪ್ಪ. "ಅದಕ್ಕೆ ಈ ತಿಂಗಳೆಲ್ಲ ಬೇಗ ತೆಗೀತಿದೀನಿ."

ಅವಳು ಗಿರಾಕಿಗಳ ಕುರ್ಚಿಯಲ್ಲಿ ಅವನೆದುರು ಕೂತಳು.

"ಹೋಗಿ ನೋಡಿದೆ," ಎಂದಳು. "ಬಿಡುವಲ್ಲ. ನೀನೇ."