ಜೊತೆಗಿರು

ದಾದಿಯಂತ್ರವು ಗೋಡೆಬದಿಯ ಮಂಚದ ಮುದುಕಿಗೆ ನೀರು ಕುಡಿಸಿತು. ಬಾಯಿ ಒರೆಸಿ, ಜಾರಿದ್ದ ಹೊದಿಕೆಯನ್ನು ಮೆಲ್ಲಗೆ ಸರಿಪಡಿಸಿ ಮುಂದೆ ಸಾಗಿತು. ಆ ವಾರ್ಡಿನಲ್ಲಿ ಯಾರೂ ಅದರ ಮುಖ ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದರು. ಕೈಯಲ್ಲಿ ಔಷಧಿಯ ತಟ್ಟೆ ಇದ್ದರೆ ಎಲ್ಲರ ಎದೆ ಹಗುರಾಗುತ್ತಿತ್ತು. ಬರಿಗೈಯಲ್ಲಿ ಬಂದು ಯಾವ ಮಂಚದ ಬಳಿ ಸುಮ್ಮನೆ ನಿಂತಿತೋ ಆ ಮಂಚ ಬೇಗ ಖಾಲಿಯಾಗುತ್ತಿತ್ತು.

ಆ ಸೋಮವಾರ ಮಧ್ಯಾಹ್ನ ಅದು ಬರಿಗೈಯಲ್ಲಿ ಬಂದು ಫಕೀರಪ್ಪನವರ ಮಂಚದ ಬಳಿ ನಿಂತಿತು.

ಫಕೀರಪ್ಪನವರು ಹುಬ್ಬಳ್ಳಿಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಈಗ ಉಸಿರಾಡಲು ಅವರಿಗೆ ಮೂಗಿನ ನಳಿಕೆ ಬೇಕಾಗಿತ್ತು. ಅವರ ಹೆಂಡತಿ ನೀಲಗಂಗವ್ವ ಸ್ಟೂಲಿನಿಂದ ಎದ್ದು ಯಂತ್ರಕ್ಕೂ ಗಂಡನಿಗೂ ನಡುವೆ ನಿಂತರು.

“ಹೋಗೋ ಯಪ್ಪಾ, ಮುಂದ ಹೋಗು. ಇಲ್ಲಿ ನಿಂದೇನೂ ಕೆಲಸಿಲ್ಲ.”

ಯಂತ್ರ ಹೋಗಲಿಲ್ಲ. ಅವರು ಎಡಕ್ಕೆ ಸರಿದರೆ ಅದೂ ಎಡಕ್ಕೆ ಸರಿಯಿತು. ಅದರ ಎದೆಗೆ ಕೈಯಿಟ್ಟು ತಳ್ಳಿದರು. ಬೆವೆತ ಅಂಗೈ ಜಾರಿತು.

ಎದುರು ಮಂಚದ ರೋಗಿಯ ಮಗಳು ಯಾರೂ ಹೇಳದೆಯೇ ಓಡಿಹೋಗಿ ಶಾಹೀನಾಳನ್ನು ಕರೆತಂದಳು. ದಾದಿಯಂತ್ರಕ್ಕೆ ಪ್ರೋಗ್ರಾಂ ಬರೆದವಳು ಅವಳೇ.

“ಮೇಡಮ್ಮಾರ, ಇದನ್ನ ತಗೊಂಡ್ ಹೋಗ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅಯ್ಯ ಅವ್ವಾರ, ಕಾಲು ಗೀಲು ಬ್ಯಾಡ್ರಿ. ಮೊದ್ಲ ಕುಂದರ್ರಿ.”

“ಯಾಕ ಬಂದೈತಿ ಅಷ್ಟ ಹೇಳ್ರಿ. ಸುಳ್ಳು ಹೇಳಬ್ಯಾಡ್ರಿ.”

ಶಾಹೀನಾಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಹುಡುಕುತ್ತಲೇ, ನೀಲಗಂಗವ್ವನ ಭಯ ಸ್ವಲ್ಪ ಆಚೆ ಹೋಗಲೆಂದು ಮಾತಿಗೆಳೆದಳು.

ಆಸ್ಪತ್ರೆಗೆ ಬೇರೆ ಬೇರೆ ಕಂಪನಿಗಳ ಯಂತ್ರಗಳು ಬರುತ್ತಿದ್ದವು. ಯಾವುದೇ ಇರಲಿ, ಎತ್ತು, ಉಣಿಸು, ಒರೆಸು, ಜೊತೆಗಿರು ಎಂಬ ಆಜ್ಞೆಗಳು ಅದಕ್ಕೆ ತಿಳಿದಿರಲೇಬೇಕು. ತಂತ್ರಜ್ಞರು ಇಂಟರ್‌ಫೇಸ್ ಎನ್ನುವ ಈ ನಿಯಮಕ್ಕೆ ಅಲ್ಲಿ ಒಡಂಬಡಿಕೆ ಎಂದು ಹೆಸರಿಟ್ಟಿದ್ದರು. ಯಾವ ಯಾವ ಕೆಲಸಗಳಿರಬೇಕೆಂದು ಒಡಂಬಡಿಕೆ ಹೇಳುತ್ತದೆ. ಹೇಗೆ ಮಾಡಬೇಕೆಂದು ಹೇಳುವುದಿಲ್ಲ. ಅದನ್ನು ಪ್ರೋಗ್ರಾಂ ಬರೆಯುವವರು ತುಂಬಬೇಕು. ಒಂದು ಆಜ್ಞೆ ಬಿಟ್ಟುಹೋದರೂ ಯಂತ್ರ ಚಾಲೂ ಆಗುವುದಿಲ್ಲ.

“ಅದರಾಗ ಜೊತೆಗಿರು ಅನ್ನೋದು ಎರಡು ನಮೂನಿ ಐತ್ರಿ. ನಿಮಗ ಯಾರರ ಒಗ್ಗರಣಿ ಹಾಕು ಅಂದ್ರ ಏನ್ ಮಾಡ್ತೀರಿ?”

“ಯಾತಕ್ಕ ಅಂತ ಕೇಳ್ತೀನಿ. ಬ್ಯಾಳಿಗೆ ಬ್ಯಾರೆ, ಚುರುಮರಿಗೆ ಬ್ಯಾರೆ.”

“ಹಾಂ, ಹಂಗ. ಆಜ್ಞೆ ಒಂದ, ಮುಂದ ಏನ್ ಇಡ್ತೀವೋ ಅದನ್ನ ನೋಡಿ ಕೆಲಸ ಬ್ಯಾರೆ. ನಾವು ಓವರ್‌ಲೋಡಿಂಗ್ ಅಂತೀವ್ರಿ. ರೋಗಿ ಹೆಸರು ಕೊಟ್ರ…”

“ಕೈ ಹಿಡೀತೈತಿ,” ಎಂದರು ನೀಲಗಂಗವ್ವ. “ಡಾಕ್ಟರು ಕೈಬಿಟ್ಟ ಮ್ಯಾಲೆ ಇದು ಹಿಡೀತೈತಿ. ನೋಡೀನಿ.”

ಆದರೆ ಯಂತ್ರ ಫಕೀರಪ್ಪನವರ ಕೈ ಹಿಡಿದಿರಲಿಲ್ಲ. ಶಾಹೀನಾ ಪರದೆಯನ್ನು ಇನ್ನೊಮ್ಮೆ ನೋಡಿದಳು. ಆಜ್ಞೆಯ ಮುಂದಿದ್ದ ಹೆಸರು ಅವರದಾಗಿರಲಿಲ್ಲ. ಓಡುತ್ತಿದ್ದುದು ಜೊತೆಗಿರು ಎಂಬುದರ ಎರಡನೆಯ ನಮೂನೆ.

ಅದನ್ನು ಸೇರಿಸಲೇಬೇಕೆಂದು ಹಟ ಹಿಡಿದವರು ಹಿಂದಿನ ಹೆಡ್ ನರ್ಸ್. ರೋಗಿಯ ಪಕ್ಕ ಕೂತವರಿಗೂ ಯಾರಾದರೂ ಬೇಡವೇ ಎಂದು ಅವರು ಕೇಳಿದ್ದರು. ಏನು ತುಂಬಬೇಕೆಂದು ಶಾಹೀನಾಗೆ ಹೊಳೆದಿರಲಿಲ್ಲ. ತಪಾಸಣೆಯ ಅವಸರದಲ್ಲಿ, ಹತ್ತಿರ ಹೋಗಿ ನಿಲ್ಲು ಎಂದಷ್ಟೇ ಬರೆದು ಬಿಟ್ಟಿದ್ದಳು. ವಾರ್ಡಿನಲ್ಲಿ ಯಾರ ನಾಡಿ, ಬೆವರು ಏರುಪೇರಾದರೂ ಚಾವಣಿಯ ಸೆನ್ಸರ್‌ಗಳು ಗುರುತಿಸುತ್ತಿದ್ದವು. ರೋಗಿಯಾದರೆ ನರ್ಸ್‌ ಕೋಣೆಯಲ್ಲಿ ಗಂಟೆ ಬಡಿಯುತ್ತಿತ್ತು. ರೋಗಿಯಲ್ಲದವರಿಗೆ ಗಂಟೆ ಇರಲಿಲ್ಲ; ಯಂತ್ರ ಬಂದು ನಿಲ್ಲುತ್ತಿತ್ತು, ಅಷ್ಟೇ.

“ಅವ್ವಾರ, ಇದು ಅಪ್ಪಾರ ಸಲುವಾಗಿ ಬಂದಿಲ್ಲ. ನಿಮ್ಮ ಸಲುವಾಗಿ ಬಂದೈತಿ! ಊಟ ಯಾವಾಗ ಮಾಡೀರಿ?”

“ಸೋಮಾರ ಅಲ್ಲೇನ್ರೀ? ಅವರ ಉಸಿರಿಗೆ ಅಂತ ಹರಕಿ ಹೊತ್ತೀನಿ, ಪೂರಾ ಉಪಾಸ. ನನ್ನ ಸಕ್ಕರಿ ಬ್ಯಾನಿ ಗುಳಿಗಿ ಮಾತ್ರ ತಪ್ಪಿಸಿಲ್ಲ ನೋಡ್ರಿ, ಡಾಕ್ಟರು ಬೈತಾರಂತ…”

ಮಾತು ತೊದಲಿತು. ನೀಲಗಂಗವ್ವ ಬೆವರಿನಲ್ಲಿ ತೊಯ್ದು ಯಂತ್ರದ ಮೇಲೆ ಒರಗಿದರು. ನಿಲ್ಲುವುದನ್ನಷ್ಟೇ ಕಲಿತಿದ್ದ ಯಂತ್ರ ಕದಲದೆ ನಿಂತಿತ್ತು; ಅವರ ತಲೆ ನೆಲಕ್ಕೆ ಬಡಿಯಲಿಲ್ಲ. ಶಾಹೀನಾ ನರ್ಸನ್ನು ಕೂಗಿದಳು. ಎದುರು ಮಂಚದ ಹುಡುಗಿ ತನ್ನ ಚಹಾದ ಲೋಟಕ್ಕೆ ಇದ್ದಬದ್ದ ಸಕ್ಕರೆಯನ್ನೆಲ್ಲ ಸುರಿದು ತಂದು ಅವರ ತುಟಿಗೆ ಹಿಡಿದಳು.

ಸಂಜೆ ಶಾಹೀನಾ ಅವರ ಪಕ್ಕದಲ್ಲೇ ಕೂತು ಲ್ಯಾಪ್‌ಟಾಪ್ ತೆರೆದಳು.

“ನೀವ ಹೇಳ್ರಿ ಅವ್ವಾರ. ಇದು ಬಂದು ಏನ್ ಮಾಡ್ಬೇಕು?”

“ಊಟ ಆತೇನ್ರೀ ಅಂತ ಕೇಳ್ಲಿ. ಮತ್ತೇನ್ ಬೇಕವ್ವಾ?”

ಅವಳು ಹಾಗೆಯೇ ಬರೆದಳು. ನರ್ಸ್‌ಗೆ ಗಂಟೆಯನ್ನೂ ಸೇರಿಸಿದಳು. ಯಂತ್ರ ಕೇಳತೊಡಗಿತು, ಜನ ನಕ್ಕು, ಆತಪಾ ಎಂದು ಉತ್ತರಿಸತೊಡಗಿದರು.

ಆದರೆ ಭಯ ಹೋಗಲಿಲ್ಲ. ಅದಕ್ಕೊಂದು ಖಚಿತವಾದ ಜಾಗ ಸಿಕ್ಕಿತು. ಮೊದಲು ಬರಿಗೈ ಕಂಡಾಗ ಸಾವಿನ ಸೂಚನೆ ಇರಲಿಕ್ಕಿಲ್ಲ ಎಂದುಕೊಳ್ಳಬಹುದಿತ್ತು. ಈಗ ಯಂತ್ರ ಮಾತಾಡದೆ ನಿಂತರೆ ಹಾಗೆ ಅಂದುಕೊಳ್ಳುವಂತಿರಲಿಲ್ಲ. ಅದು ಬಂದು ನಿಂತೊಡನೆ ಇಡೀ ವಾರ್ಡು ಅದರ ದನಿಗಾಗಿ ಉಸಿರು ಬಿಗಿಹಿಡಿಯುತ್ತಿತ್ತು.

ಒಂದು ಬೆಳಿಗ್ಗೆ ಅದು ಫಕೀರಪ್ಪನವರ ಬಳಿ ಬಂದಿತು.

“ಕೇಳೋ ಯಪ್ಪಾ,” ಎಂದರು ನೀಲಗಂಗವ್ವ. “ಊಟ ಆತೇನು ಅಂತ ಕೇಳು. ಕೇಳೋ.”

ಅದು ಕೇಳಲಿಲ್ಲ. ಮಂಚದ ಆಚೆ ಬದಿಗೆ ಹೋಗಿ, ಕ್ಲಾರಿನೆಟ್ಟಿನ ಮೇಲೆ ಓಡಾಡಿದ್ದ ಆ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಿತು. ನೀಲಗಂಗವ್ವ ಸ್ಟೂಲಿನ ಮೇಲೆ ಕೂತುಬಿಟ್ಟರು. ಬಾಗಿಲಲ್ಲಿ ಶಾಹೀನಾ ನಿಂತಿದ್ದಳು. ಒಂದೇ ಮಂಚದ ಬಳಿ ರೋಗಿಯದೂ ಪಕ್ಕ ಕೂತವರದೂ ಎರಡು ಹೆಸರುಗಳು ಒಟ್ಟಿಗೇ ಬರಬಹುದೆಂದು ಅವಳು ಯೋಚಿಸಿರಲಿಲ್ಲ.

ಹಿಡಿದ ಕೈಯನ್ನು ಬಿಡದೆಯೇ ಯಂತ್ರ ಮುಖ ತಿರುಗಿಸಿತು.

“ಊಟ ಆತೇನ್ರೀ?”

ನೀಲಗಂಗವ್ವ ಸ್ಟೂಲನ್ನು ಮಂಚಕ್ಕೆ ಹತ್ತಿರ ಎಳೆದುಕೊಂಡರು.

“ಇನ್ನಾ ಇಲ್ಲಪ್ಪಾ,” ಎಂದರು. “ಆಮ್ಯಾಲೆ ಉಣ್ತೀನಿ. ನೀ ಅವರ ಕೈ ಬಿಡಬ್ಯಾಡ.”