ಕರೀಬೇಡಿ ಸಿಸ್ಟರ್

"ಸೆಳೆತ ಬಂದಾಗ ನನ್ನ ಮಗಳನ್ನ ಕರೀಬೇಡಿ ಸಿಸ್ಟರ್. ಇದು ಮಾಟ, ಕರೆದವರಿಗೆ ಅಂಟ್ಕೊಳ್ಳತ್ತೆ."

ಹೊಸ ನರ್ಸ್‌ಗೆ ನಗು ತಡೆಯಲಾಗಲಿಲ್ಲ. ಈ ವಾರ್ಡಿಗೆ ಬಂದು ಆರೇ ದಿನ, ಆದರೂ ಫಿಟ್ಸ್‌ನ ಪಾಠವೆಲ್ಲ ಅವಳಿಗೆ ನಾಲಿಗೆಯ ತುದಿಯಲ್ಲಿತ್ತು. ಕಣ್ಣು ಬಿಟ್ಟುಕೊಂಡೇ ಕ್ಷಣಕಾಲ ಎಲ್ಲೋ ಕಳೆದುಹೋಗುವುದು ಒಂದು ಬಗೆ. ಒಂದೇ ಬೆರಳಲ್ಲಿ ಶುರುವಾಗಿ ತೋಳಿಗೆ, ಮುಖಕ್ಕೆ ಏರುವುದು ಇನ್ನೊಂದು. ಮೈಯೆಲ್ಲ ಕೊರಡಾಗಿ, ಆಮೇಲೆ ಕೈಕಾಲು ಬಡಿಯುವುದು ಮತ್ತೊಂದು. ಇದರಲ್ಲಿ ಮಾಟಕ್ಕೆಲ್ಲಿ ಜಾಗ?

"ಯಾರಮ್ಮ ಮಾಡಿಸಿದ್ದು?"

"ನನ್ನ ಓರಗಿತ್ತಿ," ರೋಗಿಯ ತಾಯಿ ತಲೆಯೆತ್ತಲಿಲ್ಲ.

"ಅವರಿಗೂ ಎರಡು ಮಾತ್ರೆ ಬರೆಸೋಣ ಬಿಡಿ."

ಹನ್ನೊಂದು ಗಂಟೆಗೆ ಮಗಳ ಮಾತು ಅರ್ಧಕ್ಕೇ ನಿಂತಿತು. ಹತ್ತೊಂಬತ್ತರ ಹುಡುಗಿ, ಬಟ್ಟೆ ಹೊಲಿಯುವವಳು. ಎಡ ಹೆಬ್ಬೆರಳು ಅದುರಿತು, ಆಮೇಲೆ ಮಣಿಕಟ್ಟು, ಭುಜ, ಬಾಯಿಯ ಮೂಲೆ. ಮಂಚ ಗಡಗಡ ಅಲುಗಿತು. ನರ್ಸ್ ಗಡಿಯಾರ ನೋಡಿಕೊಂಡಳು, ಹುಡುಗಿಯನ್ನು ಎಡಮಗ್ಗುಲಿಗೆ ಹೊರಳಿಸಿದಳು, ತಲೆಯಡಿ ಮಡಿಸಿದ ಚಾದರ ಇಟ್ಟಳು. ಕಬ್ಬಿಣದ ಬೀಗದಕೈ ಹಿಡಿದು ಓಡಿಬಂದ ಪಕ್ಕದ ಹಾಸಿಗೆಯವರನ್ನು ಗದರಿ ಕಳಿಸಿದಳು. ಎಚ್ಚರ ಎಷ್ಟಿದೆಯೆಂದು ತಿಳಿಯಲು ರೋಗಿಯನ್ನು ಕೂಗಿ ನೋಡುವುದು ಅವಳ ಕೆಲಸದ ರೂಢಿ. ಹಾಗಾಗಿ ಬಗ್ಗಿ, ಹೆಸರು ಹಿಡಿದು ಕರೆದಳು.

ಸೆಳೆತ ಥಟ್ಟನೆ ನಿಂತಿತು. ಹುಡುಗಿ ಎದ್ದು ಕೂತು ನೀರು ಕೇಳಿದಳು. ಅಷ್ಟು ದೊಡ್ಡ ಸೆಳೆತದ ಮೇಲೆ ಮಂಪರಿಲ್ಲ, ತೊದಲಿಲ್ಲ. ಹಾಗಾಗುವುದಿಲ್ಲ ಎಂದು ನರ್ಸ್‌ಗೆ ಗೊತ್ತಿತ್ತು. ಫಿನಾಯಿಲಿನ ನಡುವೆಯೇ ಸುಟ್ಟ ಕೂದಲಿನ ವಾಸನೆ ಅವಳ ಮೂಗಿಗೆ ಅಡರಿತು.

ತಾಯಿ ಅವಳ ಕಾಲು ಹಿಡಿದುಕೊಂಡು ಅತ್ತಳು. "ಮೊದಲು ನನಗಿತ್ತು ತಾಯೀ. ಇವಳು ಚಿಕ್ಕವಳು, ಅಮ್ಮಾ ಅಂತ ಕರೆದ್ಲು, ಇವಳಿಗೆ ಹೋಯ್ತು. ವಾಪಸ್ ತಗೊಳ್ಳೋಣ ಅಂತ ಎಷ್ಟು ಕೂಗಿದೆ! ಅದು ಒಮ್ಮೆ ಬಿಟ್ಟುಹೋದವರ ಕೂಗು ಅದಕ್ಕೆ ಮತ್ತೆ ಕೇಳಿಸೋದಿಲ್ಲ."

"ಸುಮ್ನೆ ಏಳಿ," ಎಂದಳು ನರ್ಸ್. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಮಧ್ಯಾಹ್ನ ಚಾರ್ಟ್ ಬರೆಯುತ್ತ ತಲೆಯೆತ್ತಿದಾಗ ಗಡಿಯಾರ ಹನ್ನೆರಡೂ ಐವತ್ತು ತೋರಿಸುತ್ತಿತ್ತು. ರೆಪ್ಪೆ ಬಡಿದಳು. ಐವತ್ತನಾಲ್ಕು. ಕೈಯಲ್ಲಿದ್ದ ಪೆನ್ನು ನೆಲದಲ್ಲಿತ್ತು. ಶಾಲೆ ಬಿಟ್ಟು ಒಂದು ಗಂಟೆಯೊಳಗೆ ಅವಳ ಆರು ವರ್ಷದ ಮಗಳು ನೇರ ಇಲ್ಲಿಗೇ ಬರುತ್ತಾಳೆ. ಬರುವಾಗಲೇ ಕೂಗಿಕೊಂಡು ಬರುತ್ತಾಳೆ.

ಮತ್ತೆ ಸುಟ್ಟ ಕೂದಲು. ಹೆಬ್ಬೆರಳು ಅದುರಿತು.

ಓಡಿದಳು. ಚಾದರಗಳ ಕೋಣೆ ಹೊಕ್ಕು ಚಿಲಕ ಹಾಕಿದಳು. ಕತ್ತಲು. ಗಂಜಿ ಹಾಕಿದ ಬಟ್ಟೆಯ ಘಾಟು. ಕನ್ನಡಕ ತೆಗೆದಿಟ್ಟಳು, ತಲೆಯಡಿ ಬಟ್ಟೆ ಮಡಿಸಿಟ್ಟಳು, ಎಡಮಗ್ಗುಲಾಗಿ ಮಲಗಿದಳು. ತನ್ನ ಆರೈಕೆ ತಾನೇ ಮಾಡಿಕೊಂಡಳು. ಮಣಿಕಟ್ಟು. ಭುಜ. ದವಡೆ ಕಚ್ಚಿಕೊಂಡಿತು. ಹೊರಗೆ "ನಿಮ್ಮಮ್ಮ ಆ ಕೋಣೇಲಿದ್ದಾರೆ" ಎಂದ ಯಾರದೋ ದನಿ, ಪುಟ್ಟ ಬೂಟುಗಳ ಸದ್ದು. ಬೇಡ ಕಂದಾ. ನಾಲಿಗೆ ಹೊರಳಲಿಲ್ಲ. ಬಾಗಿಲು ಬಡಿದ ಸದ್ದು.

"ಅಮ್ಮಾ!"

ಅವಳ ಕೈ ನಿಂತಿತು. ಮೈ ಹಗುರಾಯಿತು. ಹೊರಗೆ ಬೂಟಿನ ಹಿಮ್ಮಡಿಗಳು ನೆಲಕ್ಕೆ ಬಡಿಯತೊಡಗಿದವು.

ಚಿಲಕ ಕಿತ್ತು ಹೊರಬಿದ್ದಳು. ಮಗುವನ್ನು ಎಡಮಗ್ಗುಲಿಗೆ ಹೊರಳಿಸಿದಳು. ಕರೆದಳು. ಮತ್ತೆ ಕರೆದಳು. ಗಂಟಲು ಹರಿಯುವಂತೆ ಕೂಗಿದಳು. ಹಿಮ್ಮಡಿಗಳು ನಿಲ್ಲಲಿಲ್ಲ.

ಕೂಗು ಕೇಳಿ ಹಿರಿಯ ನರ್ಸ್ ಓಡಿಬಂದು ಪಕ್ಕದಲ್ಲಿ ಮಂಡಿಯೂರಿದಳು. ಈ ಆರು ದಿನ ತನ್ನ ಡಬ್ಬಿಯ ಊಟದಲ್ಲಿ ಇವಳಿಗೂ ಪಾಲು ಕೊಟ್ಟವಳು, ಮೂರು ಮಕ್ಕಳ ತಾಯಿ.

ನರ್ಸ್ ಅವಳ ಮುಖವನ್ನೇ ನೋಡಿದಳು. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು. ನುಂಗಿದಳು.

"ಅಕ್ಕಾ, ನನ್ನ ಮಗಳನ್ನ ಒಂದ್ಸಲ ಕರೀರಿ."